ಸಿಯೋಲ್ ಅರಮನೆಗೆ ಹಾನ್‌ಬೊಕ್ ತೊಟ್ಟು ಹೋಗುವವರಿಗೆ: ಯಾವ ಬಟ್ಟೆ, ಎಷ್ಟು ಗಂಟೆ, ಯಾವ ಅರಮನೆ?

ಸಿಯೋಲ್‌ಗೆ ಹೊರಟವರು ಕೇಳುವ ಪ್ರಶ್ನೆಗಳಲ್ಲಿ ಕೊರಿಯಾದ ಸಾಂಪ್ರದಾಯಿಕ ಉಡುಪಾದ ಹಾನ್‌ಬೊಕ್‌ನ ಬಾಡಿಗೆಯದ್ದು ತಪ್ಪದೆ ಇರುತ್ತದೆ. ರಜೆಗೆ ಹೋಗುವ ಕುಟುಂಬ ಇರಲಿ, ಬೆಂಗಳೂರಿನ ಆಫೀಸಿನಿಂದ ಸಿಯೋಲ್ ಹತ್ತಿರದ ಸುವಾನ್‌ಗೆ ಎರಡು ವಾರದ ಕೆಲಸಕ್ಕೆ ಹೋದವರು ಇರಲಿ, ಕೊರಿಯನ್ ಡ್ರಾಮಾ ನೋಡಿ ನೋಡಿ ಆಸೆಪಟ್ಟ ಹುಡುಗಿಯರು ಇರಲಿ, ಎಲ್ಲರಿಗೂ ಆ ಉಡುಪು ತೊಟ್ಟು ಅರಮನೆಯ ಅಂಗಳದಲ್ಲಿ ಓಡಾಡಬೇಕು. ಆದರೆ ಬುಕ್ ಮಾಡಲು ಕೂತರೆ ಗೊಂದಲ ಶುರು. ಬೇಸಿಕ್, ಪ್ರೀಮಿಯಂ, ಥೀಮ್, ರಾಜ-ರಾಣಿ ಎಂದು ಹತ್ತು ಬಗೆ. ಎರಡು ಗಂಟೆ, ನಾಲ್ಕು ಗಂಟೆ, ಇಡೀ ದಿನ ಎಂದು ಮೂರು ಲೆಕ್ಕ. ಅರಮನೆಗಳೂ ಒಂದಲ್ಲ, ಐದು.

ನನ್ನ ಸಲಹೆ ಏನೆಂದರೆ, ಬಟ್ಟೆಯನ್ನು ಕೊನೆಗೆ ಆರಿಸಿ. ಮೊದಲು ಅರಮನೆ, ಆಮೇಲೆ ಗಂಟೆ, ಆಮೇಲೆ ಬಟ್ಟೆ. ಹೆಚ್ಚಿನವರು ಫೋಟೊ ನೋಡಿ ಬಟ್ಟೆಯಿಂದ ಶುರು ಮಾಡುತ್ತಾರೆ. ಹಾಗಾಗಿಯೇ ದೊಡ್ಡ ಘೇರಿನ ಲಂಗ ತೊಟ್ಟು ಗುಡ್ಡದ ದಾರಿ ಹತ್ತುವ ಪರಿಸ್ಥಿತಿ ಬರುತ್ತದೆ.

ಯಾವುದನ್ನು ಅಳೆದು ನೋಡಬೇಕು?

ಮೊದಲನೆಯದು ನಡಿಗೆ. ಅರಮನೆಗಳು ವಿಶಾಲವಾಗಿವೆ, ನೆಲ ಬಹುಪಾಲು ದಪ್ಪ ಮರಳಿನದ್ದು. ದರ್ಬಾರಿನ ಅಂಗಳಗಳಲ್ಲಿ ಒರಟಾಗಿ ಕಡೆದ ಕಲ್ಲು ಹಾಸಿದ್ದಾರೆ. ಪ್ರತಿ ಬಾಗಿಲಿಗೂ ಎತ್ತರದ ಹೊಸ್ತಿಲು ಇರುತ್ತದೆ. ಎರಡನೆಯದು ಹವೆ. ಜನವರಿಯಲ್ಲಿ ಸಿಯೋಲ್ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ, ಆಗಸ್ಟ್‌ನಲ್ಲಿ ಮಂಗಳೂರಿನ ಹಾಗೆ ಬೆವರಿಳಿಸುತ್ತದೆ. ಮೂರನೆಯದು ಜೊತೆಗೆ ಯಾರಿದ್ದಾರೆ ಎಂಬುದು. ಮಂಡಿನೋವಿನ ಅಮ್ಮ, ಮೂರು ವರ್ಷದ ಮಗು, ಫೋಟೊ ಎಂದರೆ ಓಡಿಹೋಗುವ ಗಂಡ, ಇವರೆಲ್ಲ ಲೆಕ್ಕಕ್ಕೆ ಬರುತ್ತಾರೆ. ನಾಲ್ಕನೆಯದು ನಿಮಗೆ ಬೇಕಾದದ್ದು ಏನು ಎಂಬುದು. ಚೆಂದದ ಫೋಟೊ ಸಾಕೋ, ಅಥವಾ ಆ ಉಡುಪು ನಿಜವಾಗಿ ಹೇಗಿತ್ತು ಅಂತ ಮೈಮೇಲೆ ಹಾಕಿ ನೋಡಬೇಕೋ? ಇವೆರಡಕ್ಕೂ ಬೇರೆ ಬೇರೆ ಬಟ್ಟೆ ಬೇಕಾಗುತ್ತದೆ.

ದುಡ್ಡನ್ನು ನಾನು ಕೊನೆಗೆ ಇಡುತ್ತೇನೆ. ಯಾಕೆಂದರೆ ಇಲ್ಲಿ ದುಡ್ಡಿನ ವ್ಯತ್ಯಾಸ ಜನ ಅಂದುಕೊಂಡಷ್ಟು ದೊಡ್ಡದಲ್ಲ. 1,000 ವಾನ್ ಅಂದರೆ ಈಗ ಸುಮಾರು 60 ರೂಪಾಯಿ. ಸಾದಾ ಹಾನ್‌ಬೊಕ್ ಎರಡು ಗಂಟೆಗೆ ಹೆಚ್ಚುಕಡಿಮೆ 10,000ದಿಂದ 15,000 ವಾನ್. ನಾಲ್ಕು ಗಂಟೆಗೆ 20,000ದ ಆಸುಪಾಸು. ಇಡೀ ದಿನಕ್ಕೆ 25,000ದಿಂದ 35,000. ಪ್ರೀಮಿಯಂ ಅಥವಾ ರಾಜವಂಶದ ಉಡುಪು ಬೇಕೆಂದರೆ 30,000 ದಾಟುತ್ತದೆ, ಕೆಲವೆಡೆ ಅದರ ಎರಡರಷ್ಟೂ ಆಗುತ್ತದೆ. ಅಂಗಡಿಯಿಂದ ಅಂಗಡಿಗೆ ದರ ಬದಲಾಗುತ್ತದೆ. ಬುಕ್ ಮಾಡುವ ದಿನ ಒಮ್ಮೆ ನೋಡಿಕೊಳ್ಳಿ.

ಉಚಿತ ಪ್ರವೇಶದ ವಿಷಯ

ಹಾನ್‌ಬೊಕ್ ತೊಟ್ಟವರಿಗೆ ಅರಮನೆ ಪ್ರವೇಶ ಉಚಿತ. 2013ರಿಂದ ಈ ಪದ್ಧತಿ ಇದೆ. ಇದನ್ನು ದೊಡ್ಡ ಉಳಿತಾಯ ಅಂತ ಹಲವರು ಬರೆಯುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿ. ಗ್ಯೊಂಗ್‌ಬೊಕ್‌ಗುಂಗ್ ಮತ್ತು ಚಾಂಗ್‌ದೊಕ್‌ಗುಂಗ್ ಟಿಕೆಟ್ ದೊಡ್ಡವರಿಗೆ 3,000 ವಾನ್, ಚಾಂಗ್‌ಗ್ಯೊಂಗ್‌ಗುಂಗ್ ಮತ್ತು ದೊಕ್ಸುಗುಂಗ್ 1,000 ವಾನ್. ಅಂದರೆ ಉಳಿಯುವುದು 60ರಿಂದ 180 ರೂಪಾಯಿ. ಆ ದುಡ್ಡಿಗಾಗಿ ಯಾರೂ ಬಾಡಿಗೆಗೆ ತಗೋಬೇಕಾಗಿಲ್ಲ. ಟಿಕೆಟ್ ಸಾಲಿನಲ್ಲಿ ನಿಲ್ಲದೆ ನೇರ ಬಾಗಿಲಿಗೆ ಹೋಗಬಹುದು ಎಂಬುದೇ ಇದರ ನಿಜವಾದ ಲಾಭ. ರಜೆ ದಿನ ಆ ಸಾಲು ಉದ್ದ ಇರುತ್ತದೆ.

ಚಾಂದ್ರಮಾನ ಹೊಸ ವರ್ಷ ಸೊಲ್ಲಾಲ್ ಮತ್ತು ಸುಗ್ಗಿ ಹಬ್ಬ ಚುಸೊಕ್ ರಜೆಗಳಲ್ಲಿ ಅರಮನೆಗಳು ಎಲ್ಲರಿಗೂ ಉಚಿತ. ಆ ದಿನಗಳಲ್ಲಿ ಟಿಕೆಟ್ ಉಳಿಸುವ ಮಾತೇ ಇಲ್ಲ, ಜನಜಂಗುಳಿ ಮಾತ್ರ ಜಾಸ್ತಿ. ಆದರೂ ಹಬ್ಬದ ದಿನ ಕೊರಿಯಾದ ಕುಟುಂಬಗಳೇ ಮಕ್ಕಳಿಗೆ ಹಾನ್‌ಬೊಕ್ ತೊಡಿಸಿ ಕರೆತರುವುದನ್ನು ನೋಡಬಹುದು. ಅದಕ್ಕಾಗಿ ಹೋಗಬೇಕೆನಿಸಿದರೆ ಹೋಗಿ.

ಉಚಿತ ಪ್ರವೇಶಕ್ಕೆ ನಿಯಮ ಸರಳ. ಮೇಲಂಗಿಯೂ ಇರಬೇಕು, ಕೆಳಗಿನ ಲಂಗ ಅಥವಾ ಪ್ಯಾಂಟೂ ಇರಬೇಕು. ಜೀನ್ಸ್ ಮೇಲೆ ಬರೀ ಉದ್ದನೆಯ ನಿಲುವಂಗಿ ಹಾಕಿಕೊಂಡರೆ ಲೆಕ್ಕಕ್ಕಿಲ್ಲ. ಮೊದಲು ಗಂಡಸರು ಗಂಡಸರದ್ದೇ, ಹೆಂಗಸರು ಹೆಂಗಸರದ್ದೇ ತೊಡಬೇಕು ಅಂತ ಇತ್ತು. ಮಾನವ ಹಕ್ಕು ಆಯೋಗ ಅದು ತಾರತಮ್ಯ ಎಂದ ಮೇಲೆ 2019ರ ಜುಲೈನಲ್ಲಿ ಆ ನಿಯಮ ತೆಗೆದರು. ಈಗ ಹುಡುಗಿಯೊಬ್ಬಳು ವಿದ್ವಾಂಸರ ನಿಲುವಂಗಿ, ಕಪ್ಪು ಟೋಪಿ ಹಾಕಿ ಹೋದರೂ ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ. ಅದು ತುಂಬಾ ಚೆಂದ ಕಾಣುತ್ತದೆ ಕೂಡ.

ಮೊದಲು ಅರಮನೆ

ಗ್ಯೊಂಗ್‌ಬೊಕ್‌ಗುಂಗ್ ಎಲ್ಲರ ಮೊದಲ ಆಯ್ಕೆ, ಅದಕ್ಕೆ ಕಾರಣವೂ ಇದೆ. ಕೊರಿಯಾವನ್ನು ಆಳಿದ ಚೊಸೊನ್ ರಾಜವಂಶ ಶುರುವಾದ ಹೊಸದರಲ್ಲಿ, 1395ರಲ್ಲಿ ಕಟ್ಟಿದ ಮುಖ್ಯ ಅರಮನೆ ಇದು. 1592ರ ಜಪಾನಿ ದಾಳಿಯ ಹೊತ್ತಲ್ಲಿ ಸುಟ್ಟುಹೋಯಿತು. ಮತ್ತೆ ಕಟ್ಟಿ ಮುಗಿಸಿದ್ದು 1867ರಲ್ಲಿ. ಜಪಾನಿನ ಆಳ್ವಿಕೆಯಲ್ಲಿ ಮತ್ತೆ ಬಹಳಷ್ಟು ಕಟ್ಟಡ ಕೆಡವಿದರು, ಈಗಲೂ ಒಂದೊಂದಾಗಿ ಕಟ್ಟುತ್ತಲೇ ಇದ್ದಾರೆ. ಹೆಬ್ಬಾಗಿಲು ಗ್ವಾಂಗ್‌ಹ್ವಾಮುನ್ ಮುಂದಿನ ಕಲ್ಲಿನ ಜಗಲಿಯನ್ನು 2023ರಲ್ಲಷ್ಟೇ ಮರಳಿ ಕಟ್ಟಿದರು. ದರ್ಬಾರಿನ ಗುನ್‌ಜಂಗ್‌ಜನ್, ನೀರಿನ ನಡುವಿನ ಗ್ಯೊಂಗ್‌ಹೆರು, ಹಿಂದುಗಡೆ ಕೊಳದ ಮಧ್ಯೆ ಪುಟ್ಟ ಹ್ಯಾಂಗ್‌ವೊನ್‌ಜಂಗ್ ಮಂಟಪ, ಇಷ್ಟಕ್ಕೇ ಎರಡು ಗಂಟೆ ಹಿಡಿಯುತ್ತದೆ. ನೆಲ ಹೆಚ್ಚುಕಡಿಮೆ ಸಮತಟ್ಟು. ಬಾಡಿಗೆ ಅಂಗಡಿಗಳು ಪಕ್ಕದಲ್ಲೇ ಇವೆ. ಬೆಳಿಗ್ಗೆ 10ಕ್ಕೆ ಮತ್ತು ಮಧ್ಯಾಹ್ನ 2ಕ್ಕೆ ಕಾವಲುಗಾರರ ಬದಲಾವಣೆಯ ಮೆರವಣಿಗೆ ನಡೆಯುತ್ತದೆ. ಕೊರತೆ ಒಂದೇ, ಜನ. ಹತ್ತೂವರೆ ಆದಮೇಲೆ ದರ್ಬಾರಿನ ಮುಂದೆ ಯಾರೂ ಇಲ್ಲದ ಫೋಟೊ ಸಿಗುವುದು ಕಷ್ಟ. 9ಕ್ಕೆ ಬಾಗಿಲು ತೆರೆದಾಗಲೇ ಒಳಗೆ ಇರುವುದು ಒಳ್ಳೆಯದು. ಮಂಗಳವಾರ ರಜೆ.

ಚಾಂಗ್‌ದೊಕ್‌ಗುಂಗ್ ನನಗೆ ಇದಕ್ಕಿಂತ ಇಷ್ಟ. 1405ರಲ್ಲಿ ಕಟ್ಟಿದ್ದು, 1997ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಗುಡ್ಡದ ಇಳಿಜಾರು ಹೇಗಿದೆಯೋ ಹಾಗೇ ಕಟ್ಟಡಗಳನ್ನು ಹೊಂದಿಸಿದ್ದಾರೆ, ಮರಗಳು ಜಾಸ್ತಿ, ಗದ್ದಲ ಕಡಿಮೆ. ಉಡುಪಿನ ಬಣ್ಣಕ್ಕೆ ಹಿಂದಿನ ಹಸಿರು ಒಳ್ಳೆಯ ಜೋಡಿ. ಆದರೆ ಇಲ್ಲಿನ ಹಿಂದೋಟ ಹುವೊನ್‌ಗೆ ಬೇರೆಯೇ ಟಿಕೆಟ್, 5,000 ವಾನ್. ಹಾನ್‌ಬೊಕ್ ತೊಟ್ಟರೂ ಅದನ್ನು ಕೊಡಲೇಬೇಕು. ಸಮಯ ಗೊತ್ತುಮಾಡಿಕೊಂಡು ಹೋಗಬೇಕು, ಒಂದು ಗಂಟೆಗೂ ಹೆಚ್ಚು ಏರುಇಳಿವಿನ ದಾರಿ ನಡೆಯಬೇಕು. ಹಿಂದೋಟ ನೋಡುವ ಆಸೆ ಇದ್ದರೆ ಎರಡು ಗಂಟೆಯ ಬಾಡಿಗೆ ಸಾಲದು, ಅಗಲದ ಲಂಗವೂ ಬೇಡ. ರಜೆ ಸೋಮವಾರ.

ಚಾಂಗ್‌ದೊಕ್‌ಗುಂಗ್ ಪಕ್ಕಕ್ಕೇ ಚಾಂಗ್‌ಗ್ಯೊಂಗ್‌ಗುಂಗ್ ಇದೆ, ನಡುವೆ ಒಂದು ಬಾಗಿಲು. ಸಿಟಿ ಹಾಲ್ ಎದುರಿನ ದೊಕ್ಸುಗುಂಗ್ ಚಿಕ್ಕದು, ಒಂದು ಗಂಟೆ ಸಾಕು. ಇವೆರಡೂ ರಾತ್ರಿ 9ರವರೆಗೆ ತೆರೆದಿರುತ್ತವೆ, ಇವೆರಡಕ್ಕೂ ಸೋಮವಾರವೇ ರಜೆ. ದೊಕ್ಸುಗುಂಗ್‌ನಲ್ಲಿ ಮರದ ಮಂಟಪಗಳ ಪಕ್ಕದಲ್ಲೇ 1910ರಲ್ಲಿ ಮುಗಿದ ಕಲ್ಲುಕಂಬಗಳ ಪಾಶ್ಚಾತ್ಯ ಶೈಲಿಯ ಸೊಕ್ಜೊಜನ್ ನಿಂತಿದೆ. ಹಾನ್‌ಬೊಕ್‌ನಲ್ಲಿ ಬೇರೆ ಥರದ ಫೋಟೊ ಬೇಕೆನ್ನುವವರಿಗೆ ಇದು ಹೇಳಿ ಮಾಡಿಸಿದ ಜಾಗ. ಅಂಗಡಿಗಳು ಮಾತ್ರ ಇಲ್ಲಿಂದ ಸ್ವಲ್ಪ ದೂರ. ಐದನೆಯದು ಗ್ಯೊಂಗ್‌ಹಿಗುಂಗ್. ಅಲ್ಲಿ ಎಲ್ಲರಿಗೂ ಉಚಿತ, ಜನ ಕಡಿಮೆ, ನೋಡುವಂಥದ್ದೂ ಕಡಿಮೆ.

ಅರಮನೆ ಆದಮೇಲೆ ಬುಕ್‌ಚೊನ್‌ನ ಹೆಂಚಿನ ಮನೆಗಳ ಓಣಿಗೆ ಹೋಗುವ ಆಸೆ ಬಹಳ ಜನರಿಗೆ. ಹೋಗಬಹುದು. ಆದರೆ ಅದು ಜನ ವಾಸ ಮಾಡುವ ಜಾಗ. ಎಲ್ಲರೂ ಫೋಟೊ ತೆಗೆಯುವ ಬುಕ್‌ಚೊನ್‌ರೊ 11ನೇ ಓಣಿಯಲ್ಲಿ ಪ್ರವಾಸಿಗರಿಗೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಾತ್ರ ಅವಕಾಶ. 2025ರ ಮಾರ್ಚ್‌ನಿಂದ ಸಮಯ ಮೀರಿದವರಿಗೆ 100,000 ವಾನ್ ದಂಡ, ಅಂದರೆ ಸುಮಾರು 6,000 ರೂಪಾಯಿ. ಬಾಡಿಗೆಗಿಂತ ದಂಡವೇ ಎಷ್ಟೋ ಪಟ್ಟು ಹೆಚ್ಚಾಗುತ್ತದೆ. ಓಣಿ ಕಡಿದಾದ ಏರು, ಅದನ್ನೂ ನೆನಪಿಡಿ.

ಎರಡು ಗಂಟೆಯೋ, ನಾಲ್ಕೋ, ಇಡೀ ದಿನವೋ?

ಎರಡು ಗಂಟೆ ಕೇಳಲು ಸಾಕೆನಿಸುತ್ತದೆ. ಆದರೆ ಅಂಗಡಿಯಿಂದ ಅರಮನೆಗೆ ಹೋಗಿಬರಲು ಇಪ್ಪತ್ತು ಇಪ್ಪತ್ತೈದು ನಿಮಿಷ. ಕೆಲವೆಡೆ ಬಟ್ಟೆ ಆರಿಸಿ ತೊಡುವ ಹೊತ್ತೂ ಬಾಡಿಗೆಯ ಸಮಯಕ್ಕೇ ಸೇರುತ್ತದೆ. ಜಡೆ ಹಾಕಿಸುವ ಸಾಲಿನಲ್ಲಿ ಇನ್ನೊಂದಿಷ್ಟು. ಉಳಿಯುವುದು ಒಂದು ಗಂಟೆ ಚಿಲ್ಲರೆ. ಗಡಿಯಾರ ನೋಡುತ್ತಲೇ ಅರಮನೆ ಮುಗಿಯುತ್ತದೆ. ಚಳಿಗಾಲದ ಕೊರೆಯುವ ದಿನ, ಆಗಸ್ಟ್‌ನ ಉರಿಬಿಸಿಲು, ಬೇಗ ದಣಿಯುವ ಚಿಕ್ಕ ಮಕ್ಕಳು, ಅಥವಾ ದೊಕ್ಸುಗುಂಗ್ ಒಂದೇ ನೋಡುವುದು, ಈ ನಾಲ್ಕು ಸಂದರ್ಭದಲ್ಲಿ ಎರಡು ಗಂಟೆ ಸರಿ.

ನಾಲ್ಕು ಗಂಟೆ ನನ್ನ ಆಯ್ಕೆ. ಒಂದು ದೊಡ್ಡ ಅರಮನೆ ನಿಧಾನವಾಗಿ ನೋಡಿ, ಹೊರಗೆ ಬಂದು ಒಂದು ಟೀ ಕುಡಿದು, ಹತ್ತಿರದ ಓಣಿಯಲ್ಲಿ ಸುಮ್ನೆ ಅಡ್ಡಾಡಿ ವಾಪಸ್ ಕೊಡಬಹುದು. ಎರಡು ಗಂಟೆಗೂ ನಾಲ್ಕು ಗಂಟೆಗೂ ಇರುವ ವ್ಯತ್ಯಾಸ ಐನೂರು ರೂಪಾಯಿಯ ಸುತ್ತಮುತ್ತ. ಬಟ್ಟೆಯ ಮೇಲ್ದರ್ಜೆಗೆ ಕೊಡುವ ಹೆಚ್ಚಿನ ದುಡ್ಡನ್ನು ಸಮಯಕ್ಕೆ ಕೊಡಿ ಅಂತಲೇ ನಾನು ಹೇಳುವುದು.

ಇಡೀ ದಿನದ ಬಾಡಿಗೆ ಎರಡು ಅರಮನೆ ನೋಡುವವರಿಗೆ. ಬೆಳಿಗ್ಗೆ ಗ್ಯೊಂಗ್‌ಬೊಕ್‌ಗುಂಗ್, ಊಟ, ಮಧ್ಯಾಹ್ನ ಚಾಂಗ್‌ದೊಕ್‌ಗುಂಗ್. ಎರಡರ ನಡುವೆ ನಡೆದರೆ ಇಪ್ಪತ್ತು ಇಪ್ಪತ್ತೈದು ನಿಮಿಷ, ದಾರಿಯಲ್ಲೇ ಅನ್‌ಗುಕ್ ಮೆಟ್ರೊ ನಿಲ್ದಾಣ. ಕೇಳಲು ಚೆನ್ನಾಗಿದೆ. ಆದರೆ ಏಳೆಂಟು ಗಂಟೆ ಆ ಉಡುಪಿನಲ್ಲಿ ಇರುವುದು ಎಲ್ಲರಿಗೂ ಆಗುವುದಿಲ್ಲ. ಶೌಚಾಲಯಕ್ಕೆ ಹೋಗುವುದು, ಕೂತು ಊಟ ಮಾಡುವುದು, ತಿಳಿ ಬಣ್ಣದ ತೋಳಿಗೆ ಕೆಂಪು ಸಾರು ತಾಗದ ಹಾಗೆ ನೋಡಿಕೊಳ್ಳುವುದು, ಎಲ್ಲ ಸೇರಿ ಸುಸ್ತಾಗುತ್ತದೆ. ಕಲೆ ಬಿದ್ದರೆ ಅಂಗಡಿಯವರು ದುಡ್ಡು ಕೇಳುತ್ತಾರೆ. ಇಡೀ ದಿನ ಎಂದರೆ ರಾತ್ರಿಯವರೆಗೆ ಅಂತಲೂ ಅಲ್ಲ. ಹೆಚ್ಚಿನ ಅಂಗಡಿಗಳು ಸಂಜೆ 6 ಅಥವಾ 7ಕ್ಕೆ ಮುಚ್ಚುತ್ತವೆ. ದೊಕ್ಸುಗುಂಗ್‌ನ ದೀಪದ ಬೆಳಕಲ್ಲಿ ಫೋಟೊ ಬೇಕಾದರೆ, ರಾತ್ರಿ ವಾಪಸ್ ತಗೊಳ್ಳುವ ಅಂಗಡಿಯನ್ನು ಮೊದಲೇ ಹುಡುಕಿಟ್ಟುಕೊಳ್ಳಬೇಕು.

ಸಸ್ಯಾಹಾರಿಗಳಿಗೆ ಒಂದು ಮಾತು. ಅರಮನೆಯ ಸುತ್ತ ಹಸಿವಾದ ಮೇಲೆ ಹುಡುಕಿದರೆ ಸಿಗುವುದು ಕಷ್ಟ, ತರಕಾರಿಯ ಸಾರಿಗೂ ಮೀನಿನ ರಸ ಸೇರಿರುತ್ತದೆ. ಅನ್‌ಗುಕ್ ಪಕ್ಕದ ಇನ್ಸಾದೊಂಗ್‌ನಲ್ಲಿ ಬೌದ್ಧ ಮಠದ ಅಡುಗೆ ಬಡಿಸುವ ಹೋಟೆಲುಗಳಿವೆ, ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಬೆಲೆ ಸ್ವಲ್ಪ ಜಾಸ್ತಿ. ಬಾಡಿಗೆಯ ಗಂಟೆ ಲೆಕ್ಕ ಹಾಕುವಾಗ ಈ ಊಟದ ಹೊತ್ತನ್ನೂ ಸೇರಿಸಿ, ಇಲ್ಲವೇ ಬಟ್ಟೆ ವಾಪಸ್ ಕೊಟ್ಟ ಮೇಲೆ ಊಟಕ್ಕೆ ಹೋಗಿ.

ಈಗ ಬಟ್ಟೆ

ಅಂಗಡಿಯೊಳಗೆ ಕಾಲಿಟ್ಟ ತಕ್ಷಣ ಕಣ್ಣಿಗೆ ಬೀಳುವುದು ಥೀಮ್ ಅಥವಾ ಫ್ಯೂಷನ್ ಹಾನ್‌ಬೊಕ್. ತೆಳುವಾದ ಲೇಸು, ಬಂಗಾರದ ಬಣ್ಣದ ಅಚ್ಚು, ಮಿನುಗು, ಒಳಗೆ ಬಳೆಯಂಥ ಉಂಗುರದ ಚೌಕಟ್ಟು ಹಾಕಿ ಉಬ್ಬಿಸಿದ ಲಂಗ, ಸೊಂಟದ ಹಿಂದೆ ದೊಡ್ಡ ರಿಬ್ಬನ್. ತೊಡುವುದು ಸುಲಭ, ಎಷ್ಟೋ ಕಡೆ ಜಿಪ್ಪೇ ಇರುತ್ತದೆ. ಫೋಟೊದಲ್ಲಿ ಎದ್ದು ಕಾಣುತ್ತದೆ. ಮದುವೆಗೆ ಮುಂಚಿನ ಫೋಟೊ, ಹುಟ್ಟುಹಬ್ಬ, ಗೆಳತಿಯರ ಗುಂಪು ಅಂತಾದರೆ ಇದರ ಮೋಜನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಳೆ ಹಾಕಿದ ಲಂಗ ಬಾಗಿಲು ದಾಟುವಾಗ, ಬೆಂಚಿನ ಮೇಲೆ ಕೂರುವಾಗ, ಮೆಟ್ಟಿಲು ಇಳಿಯುವಾಗ ಕಾಟ ಕೊಡುತ್ತದೆ. ಲೇಸು ಎಲ್ಲೆಂದರಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಉಡುಪು ಆ ಅರಮನೆಯ ಕಾಲದ್ದಲ್ಲ. ಈ ಬಗ್ಗೆ ಕೊರಿಯಾದಲ್ಲೇ ವಾದ ನಡೆದಿದೆ. 2018ರಲ್ಲಿ ಅರಮನೆಗಳಿರುವ ಜೊಂಗ್ನೊ ಜಿಲ್ಲೆಯ ಆಡಳಿತ, ಇಂಥ ಉಡುಪಿಗೆ ರಿಯಾಯಿತಿ ಕೊಡಬೇಕೇ ಎಂಬ ಪ್ರಶ್ನೆ ಎತ್ತಿತು. 2024ರಲ್ಲಿ ರಾಷ್ಟ್ರೀಯ ಪರಂಪರೆ ಇಲಾಖೆಯ ಮುಖ್ಯಸ್ಥರು ಅರಮನೆ ಸುತ್ತಲಿನ ಹಾನ್‌ಬೊಕ್ ಸುಧಾರಿಸಬೇಕು ಎಂದರು. ಹಾಗೆಂದು ಹೆದರಬೇಕಿಲ್ಲ, ಫ್ಯೂಷನ್ ತೊಟ್ಟವರನ್ನು ಬಾಗಿಲಲ್ಲಿ ವಾಪಸ್ ಕಳಿಸುವುದಿಲ್ಲ.

ಸಾಂಪ್ರದಾಯಿಕ ಕಟ್ಟಿನದ್ದನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಮೇಲೆ ಜೊಗೊರಿ ಎಂಬ ಗಿಡ್ಡ ಕುಪ್ಪಸ. ಕತ್ತಿನ ಪಟ್ಟಿಯ ಅಂಚಿಗೆ ಬಿಳಿಯ ದೊಂಗ್‌ಜಂಗ್. ಎಡ ಮಗ್ಗುಲು ಬಲದ ಮೇಲೆ ಬಂದು, ಎದೆಯ ಮುಂದೆ ಗೊರುಮ್ ಎಂಬ ಉದ್ದನೆಯ ಪಟ್ಟಿಗಳಿಂದ ಒಂದೇ ಕುಣಿಕೆಯ ಗಂಟು. ಕೆಳಗೆ ಚಿಮಾ, ಎದೆಯಿಂದ ಪಾದದವರೆಗೆ ನೆರಿಗೆ ಬಿದ್ದ ಲಂಗ. ಬಾಡಿಗೆಯ ಚಿಮಾಗಳಿಗೆ ಹೆಗಲಿನ ಪಟ್ಟಿ ಇರುತ್ತದೆ. ಭಾರವೆಲ್ಲ ಹೆಗಲಿಗೆ, ಸೊಂಟಕ್ಕೆ ಯಾವ ಬಿಗಿಯೂ ಇಲ್ಲ. ಮೈ ತುಂಬಿಕೊಂಡವರಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಇದು ಎಷ್ಟು ಆರಾಮ ಎಂಬುದನ್ನು ತೊಟ್ಟೇ ನೋಡಬೇಕು. ಸೀರೆ ಉಟ್ಟು ಮೆಟ್ಟಿಲು ಹತ್ತಿ ರೂಢಿ ಇರುವವರಿಗೆ ಲಂಗದ ಮುಂಭಾಗ ಸ್ವಲ್ಪ ಎತ್ತಿ ಹಿಡಿಯುವುದು ತಾನಾಗೇ ಬರುತ್ತದೆ.

ಗುರುತು ಹಿಡಿಯುವುದು ಹೇಗೆ? ಗಂಟು ಎದೆಯ ಮುಂದೆ ಇದೆಯೇ, ಹಿಂದೆ ಸೊಂಟದಲ್ಲಿ ರಿಬ್ಬನ್ ಇಲ್ಲವೇ, ಬಟ್ಟೆಯಲ್ಲಿ ಮಿನುಗಿನ ಬದಲು ನೇಯ್ದ ಚಿತ್ತಾರ ಅಥವಾ ಸಾದಾ ಬಣ್ಣ ಇದೆಯೇ, ಒಳಲಂಗ ಮೆತ್ತಗಿನ ಬಟ್ಟೆಯದ್ದೇ ಅಥವಾ ಬಳೆಯದ್ದೇ, ಇಷ್ಟು ನೋಡಿದರೆ ಸಾಕು. ರೇಷ್ಮೆಯೇ ಬೇಕೆಂದು ಹಟ ಮಾಡಬೇಡಿ. ಬಾಡಿಗೆ ಅಂಗಡಿಗಳಲ್ಲಿ ಬಹುತೇಕ ಪಾಲಿಯೆಸ್ಟರೇ. ಕಟ್ಟು ಸರಿಯಿದ್ದರೆ ಅದರಲ್ಲೂ ಉಡುಪಿನ ಗೆರೆ ಚೆಂದ ಕಾಣುತ್ತದೆ. ಎಷ್ಟೋ ಅಂಗಡಿಗಳಲ್ಲಿ ಇಂಥ ಸಾದಾ ಹಾನ್‌ಬೊಕ್ ಬೇಸಿಕ್ ದರದಲ್ಲೇ ಸಿಗುತ್ತದೆ. ಮೂಲೆಯ ಸಾಲಿನಲ್ಲಿ ಇಟ್ಟಿರುತ್ತಾರೆ, ಕೇಳಿ ತೆಗೆಸಿಕೊಳ್ಳಬೇಕು ಅಷ್ಟೇ. ನುರಿತವರ ಕೈಯಿಂದ ಹೊಲಿಸಿದ, ಒಳ್ಳೆಯ ಬಟ್ಟೆಯ ಸಾಂಪ್ರದಾಯಿಕ ಉಡುಪನ್ನೇ ಇಡುವ ಅಂಗಡಿಗಳೂ ಇವೆ, ಅಲ್ಲಿ ದರ ಹೆಚ್ಚು. ಉಡುಪಿನ ಬಗ್ಗೆಯೇ ಆಸಕ್ತಿ ಇರುವವರಿಗೆ, ಹೊಲಿಗೆ ಬಲ್ಲವರಿಗೆ ಆ ಖರ್ಚು ಸಾರ್ಥಕ.

ರಾಜ-ರಾಣಿಯ ಉಡುಪು ಬೇರೆಯೇ ಸಂಗತಿ. ರಾಜನದ್ದು ಗೊಲ್ಲ್ಯೊಂಗ್‌ಪೊ, ಎದೆಗೆ ಹೆಗಲಿಗೆ ಬಂಗಾರದ ಡ್ರ್ಯಾಗನ್ ಇರುವ ಕೆಂಪು ನಿಲುವಂಗಿ. ಹಳದಿಯದ್ದೂ ಸಿಗುತ್ತದೆ. 1897ರಲ್ಲಿ ರಾಜ ಗೊಜೊಂಗ್ ತನ್ನನ್ನು ಚಕ್ರವರ್ತಿ ಎಂದು ಘೋಷಿಸಿಕೊಂಡ ಮೇಲೆ ಹಳದಿ ತೊಟ್ಟ. ಅವನಿದ್ದ ಅರಮನೆ ದೊಕ್ಸುಗುಂಗ್. ಹಾಗಾಗಿ ಹಳದಿ ಹಿಡಿಸಿದರೆ ಅಲ್ಲಿಗೆ ಹೋಗಿ, ಕೆಂಪು ಹಿಡಿಸಿದರೆ ಗ್ಯೊಂಗ್‌ಬೊಕ್‌ಗುಂಗ್‌ಗೆ. ಹೆಂಗಸರಿಗೆ ದಾಂಗುಯಿ ಇದೆ. ಮುಂದೆ ಹಿಂದೆ ಅಂಚು ಬಾಗಿ ಇಳಿದ, ಪಕ್ಕದಲ್ಲಿ ಸೀಳಿದ ಉದ್ದನೆಯ ಮೇಲಂಗಿ, ಅರಮನೆಯ ಹೆಂಗಸರು ತೊಡುತ್ತಿದ್ದದ್ದು. ಫ್ಯೂಷನ್‌ಗೆ ಕೊಡುವ ದುಡ್ಡಿನಲ್ಲೇ ದಾಂಗುಯಿ ಸಿಗುವುದಾದರೆ ನಾನು ಕಣ್ಣುಮುಚ್ಚಿ ದಾಂಗುಯಿ ಆರಿಸುತ್ತೇನೆ. ಫೋಟೊಗೂ ವೈಭವ, ಅರಮನೆಗೂ ಹೊಂದುತ್ತದೆ. ಪೂರ್ತಿ ಮಹಾರಾಣಿಯ ವಿಧಿಯುಡುಪು, ದೊಡ್ಡ ವಿಗ್ ಎಲ್ಲ ಸ್ಟುಡಿಯೊ ಫೋಟೊಗೆ ಸರಿ, ನಡೆದಾಡಲು ಭಾರ.

ಗಂಡಸರಿಗೆ ಆಯ್ಕೆ ಸುಲಭ. ಜೊಗೊರಿ, ಅಗಲದ ಬಾಜಿ ಪ್ಯಾಂಟು, ಮೇಲೆ ದೊಪೊ ಎಂಬ ವಿದ್ವಾಂಸರ ನಿಲುವಂಗಿ, ತಲೆಗೆ ಗಾತ್ ಎಂಬ ಕಪ್ಪು ಟೋಪಿ. ತಿಳಿ ನೀಲಿ ಅಥವಾ ಬೂದು ದೊಪೊ ನಮ್ಮ ಮೈಬಣ್ಣಕ್ಕೆ ತುಂಬಾ ಒಪ್ಪುತ್ತದೆ. ಫೋಟೊ ಬೇಡ ಎನ್ನುವ ಗಂಡಂದಿರೂ ಗಾತ್ ತಲೆಗಿಟ್ಟ ಮೇಲೆ ಕನ್ನಡಿಯ ಮುಂದಿನಿಂದ ಏಳುವುದಿಲ್ಲ. ಆರಡಿ ದಾಟಿದವರು ಅಳತೆಯ ಬಗ್ಗೆ ಮೊದಲೇ ಕೇಳಿಕೊಳ್ಳಿ. ದೊಡ್ಡ ಅಳತೆಯವು ಇರುತ್ತವೆ, ಬಣ್ಣಗಳ ಆಯ್ಕೆ ಕಡಿಮೆ.

ಬಾಡಿಗೆ ಬೇಡ, ಕೊಂಡೇಬಿಡೋಣ ಎನ್ನುವವರೂ ಇದ್ದಾರೆ. ದಿನಬಳಕೆಗೆ ಸರಳ ಮಾಡಿದ ಸೆಂಗ್‌ಹ್ವಾಲ್ ಹಾನ್‌ಬೊಕ್‌ಗೂ ಉಚಿತ ಪ್ರವೇಶ ಇದೆ. ಮೇಲೂ ಕೆಳಗೂ ಎರಡೂ ಇದ್ದರಾಯಿತು. ಬಾಡಿಗೆಯ ಹಲವು ಪಟ್ಟು ಬೆಲೆ, ಆದರೆ ಊರಿಗೆ ತಂದು ತೊಡಬಹುದು. ಕೆಲಸದ ಮೇಲೆ ಆರು ತಿಂಗಳು, ವರ್ಷ ಅಲ್ಲೇ ಇರುವವರಿಗೆ ಇದು ಜಾಣತನ. ವಾರದ ಪ್ರವಾಸಕ್ಕೆ ಬಂದವರಿಗೆ ಬೇಡ. ಸಾಂಪ್ರದಾಯಿಕವಾದದ್ದನ್ನೇ ಹೊಲಿಸುವ ಮನಸ್ಸಿದ್ದರೆ ಗ್ವಾಂಗ್‌ಜಾಂಗ್ ಮಾರುಕಟ್ಟೆಯಲ್ಲಿ ಹಾನ್‌ಬೊಕ್ ಅಂಗಡಿಗಳ ಸಾಲೇ ಇದೆ.

ಎಲ್ಲಿಂದ ತಗೊಳ್ಳುವುದು, ಏನು ಕೇಳುವುದು

ಗ್ಯೊಂಗ್‌ಬೊಕ್‌ಗುಂಗ್‌ಗೆ ಹೋಗುವವರು ಮೆಟ್ರೊ 3ನೇ ಲೈನಿನ ಗ್ಯೊಂಗ್‌ಬೊಕ್‌ಗುಂಗ್ ನಿಲ್ದಾಣದ 4ನೇ ದ್ವಾರದ ಸುತ್ತ ನೋಡಿ, ಚಾಂಗ್‌ದೊಕ್‌ಗುಂಗ್‌ಗೆ ಹೋಗುವವರು ಅನ್‌ಗುಕ್ ಸುತ್ತ. ವಾಪಸ್ ಅದೇ ಅಂಗಡಿಗೇ ಬರಬೇಕು ಎಂಬುದನ್ನು ಮರೆಯಬೇಡಿ. ದೂರದ ಅಂಗಡಿ ಎರಡು ಸಾವಿರ ವಾನ್ ಅಗ್ಗ ಎಂದು ಹೋದರೆ ಆ ಉಳಿತಾಯ ನಡಿಗೆಯಲ್ಲೇ ಹೋಗುತ್ತದೆ.

ವಾರದ ದಿನವಾದರೆ ಬುಕ್ ಮಾಡದೆ ಹೋದರೂ ನಡೆಯುತ್ತದೆ. ಏಪ್ರಿಲ್‌ನ ಚೆರ್ರಿ ಹೂವಿನ ಹೊತ್ತು, ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರಗಳ ಎಲೆಬಣ್ಣದ ಹೊತ್ತು, ಶನಿವಾರ ಭಾನುವಾರ, ಆಗ ಮಾತ್ರ ಮುಂಚಿತವಾಗಿ ಬುಕ್ ಮಾಡಿ ಬೆಳಗಿನ ಮೊದಲ ಸಮಯ ಹಿಡಿಯಿರಿ. ಬೇಗ ಹೋದವರಿಗೆ ಒಳ್ಳೆಯ ಬಣ್ಣಗಳು, ಕೊಳೆಯಾಗದ ಅಂಚುಗಳು.

ದರದ ಪಟ್ಟಿಯಲ್ಲಿ ಕಾಣದ ಖರ್ಚುಗಳು ಕೆಲವಿವೆ. ಒಳಲಂಗ ಸೇರಿದೆಯೇ? ಜಡೆ ಸೇರಿದೆಯೇ, ಅಥವಾ ಸಾದಾ ಜಡೆ ಮಾತ್ರವೇ? ಸೊಂಟಕ್ಕೆ ತೂಗುವ ನೊರಿಗೆ, ಕೈಚೀಲ, ಟೋಪಿ? ತಡವಾದರೆ ಅರ್ಧ ಗಂಟೆಗೆ ಎಷ್ಟು? ಮುಂಗಡ ಎಷ್ಟು? ಹಣದ ಮುಂಗಡ ಕೊಡಿ, ಪಾಸ್‌ಪೋರ್ಟ್ ಮಾತ್ರ ಎಲ್ಲೂ ಬಿಟ್ಟುಹೋಗಬೇಡಿ. ಉದ್ದ ಕೂದಲಿದ್ದರೆ ಜಡೆಯ ಖರ್ಚು ಖಂಡಿತ ಮಾಡಿ. ಜಡೆಯ ತುದಿಗೆ ಕಟ್ಟುವ ದೆಂಗಿ ಪಟ್ಟಿಯಿಂದ ಇಡೀ ಉಡುಪಿಗೆ ಕಳೆ ಬರುತ್ತದೆ. ಬಾಡಿಗೆಯ ಚಪ್ಪಲಿ ಬೇಡ. ಲಂಗದ ಕೆಳಗೆ ನಿಮ್ಮ ಹಳೇ ಶೂ ಯಾರಿಗೂ ಕಾಣುವುದಿಲ್ಲ, ಮರಳು ನೆಲಕ್ಕೆ ಅದೇ ಸರಿ.

ಒಳಗೆ ತೆಳು ಟಿ-ಶರ್ಟು, ಲೆಗ್ಗಿಂಗ್ಸ್ ಹಾಕಿಕೊಂಡು ಹೋಗಿ, ಅದರ ಮೇಲೇ ಉಡುಪು ತೊಡಿಸುತ್ತಾರೆ. ಕತ್ತು ಅಗಲವಿದ್ದರೆ ಹೊರಗೆ ಕಾಣುವುದಿಲ್ಲ. ಚಳಿಗಾಲದಲ್ಲಿ ಥರ್ಮಲ್ ಎರಡು ಪದರ ಹಾಕಿದರೂ ಲಂಗ ಎಲ್ಲವನ್ನೂ ಮುಚ್ಚುತ್ತದೆ. ಮೇಲೆ ತುಪ್ಪಳದ ಅಂಚಿನ ತೋಳಿಲ್ಲದ ಅಂಗಿ ಕೇಳಿ ತಗೊಳ್ಳಿ. ಜೂನ್ ಕೊನೆಯಿಂದ ಜುಲೈವರೆಗಿನ ಮಳೆಗಾಲದಲ್ಲಿ ಅಂಗಳ ಕೆಸರಾಗುತ್ತದೆ. ಆಗ ಪಾದ ಮುಟ್ಟದ, ಸ್ವಲ್ಪ ಗಿಡ್ಡ ಲಂಗವೇ ಮೇಲು.

ಫೋಟೊಗ್ರಾಫರ್ ಇರುವ ಪ್ಯಾಕೇಜ್‌ಗಳೂ ಇವೆ. ಬಾಡಿಗೆಯ ಕೆಲವು ಪಟ್ಟು ದುಡ್ಡು. ಒಬ್ಬರೇ ಹೋಗುವವರಿಗೆ, ಇಬ್ಬರೂ ಒಟ್ಟಿಗೆ ಫೋಟೊದಲ್ಲಿ ಇರಬೇಕೆನ್ನುವ ಜೋಡಿಗೆ ಒಂದು ಗಂಟೆಯದ್ದು ಸಾಕು. ನಾಲ್ಕೈದು ಜನರ ಗುಂಪಿಗೆ ಬೇಡ, ಒಬ್ಬರಿಗೊಬ್ಬರು ತೆಗೆದುಕೊಳ್ಳಬಹುದು. ಅರಮನೆಯ ಕಂಬ ತೊಲೆಗಳೆಲ್ಲ ಹಸಿರು ಕೆಂಪು. ಅದರ ಮುಂದೆ ತಿಳಿ ಗುಲಾಬಿ, ಹಾಲುಬಿಳಿ, ತಿಳಿ ನೀಲಿ ಎದ್ದು ಕಾಣುತ್ತವೆ, ಕಡು ಹಸಿರು ಕರಗಿಹೋಗುತ್ತದೆ. ಗುಂಪಿನಲ್ಲಿ ಎಲ್ಲರೂ ಒಂದೇ ಬಣ್ಣ ತಗೊಳ್ಳಬೇಡಿ.

ನಿಮ್ಮ ಸಂದರ್ಭಕ್ಕೆ

ಮೊದಲ ಸಲ ಸಿಯೋಲ್, ಕೈಯಲ್ಲಿ ಅರ್ಧ ದಿನ, ಹೆಚ್ಚು ಖರ್ಚು ಬೇಡ ಎನ್ನುವವರು ಸಾಂಪ್ರದಾಯಿಕ ಬೇಸಿಕ್, ನಾಲ್ಕು ಗಂಟೆ, ಗ್ಯೊಂಗ್‌ಬೊಕ್‌ಗುಂಗ್ ಅಂತ ಹಿಡಿಯಿರಿ. ಬೆಳಿಗ್ಗೆ 9ಕ್ಕೆ ಒಳಗೆ ಹೋದರೆ ಖಾಲಿ ಅಂಗಳವೂ ಸಿಗುತ್ತದೆ, 10ರ ಮೆರವಣಿಗೆಯೂ ಸಿಗುತ್ತದೆ. ಇದಕ್ಕಾಗಿ 9ಕ್ಕೆ ಮೊದಲೇ ತೆರೆಯುವ ಅಂಗಡಿ ಬೇಕು, ಬುಕ್ ಮಾಡುವಾಗ ನೋಡಿ. ಆಫೀಸಿನ ಕೆಲಸಕ್ಕೆ ಬಂದು ಒಂದು ಶನಿವಾರ ಮಾತ್ರ ಬಿಡುವಿದ್ದರೆ ಚಾಂಗ್‌ದೊಕ್‌ಗುಂಗ್ ಮೇಲು. ಶನಿವಾರದ ಜಾತ್ರೆ ಅಲ್ಲಿ ಅಷ್ಟಿಲ್ಲ. ಹಿಂದೋಟದ ಟಿಕೆಟ್ ಮೊದಲೇ ಮಾಡಿಟ್ಟುಕೊಳ್ಳಿ.

ಚಿಕ್ಕ ಮಕ್ಕಳಿದ್ದರೆ ಎರಡು ಗಂಟೆಗಿಂತ ಜಾಸ್ತಿ ಬೇಡ. ಮಗುವಿನ ಲಂಗ ಕಣಕಾಲಿನ ಮೇಲೇ ಇರಲಿ, ಇಲ್ಲದಿದ್ದರೆ ಹೊಸ್ತಿಲಲ್ಲಿ ಎಡವುತ್ತದೆ. ದುಡ್ಡಿಗೆ ಯೋಚನೆ ಇಲ್ಲ, ನೆನಪಿಗೆ ಒಳ್ಳೆಯ ಫೋಟೊ ಬೇಕು ಎನ್ನುವ ಜೋಡಿಗೆ ದಾಂಗುಯಿ ಮತ್ತು ಗೊಲ್ಲ್ಯೊಂಗ್‌ಪೊ, ಜೊತೆಗೆ ಒಂದು ಗಂಟೆ ಫೋಟೊಗ್ರಾಫರ್, ವಾರದ ದಿನದ ಬೆಳಿಗ್ಗೆ.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ದೊಕ್ಸುಗುಂಗ್ ಯೋಚಿಸಿ. ಚಿಕ್ಕದು, ಸಮತಟ್ಟು, ಮೆಟ್ರೊ ಬಾಗಿಲಲ್ಲೇ ಇದೆ. ಅಂಗಡಿಯಿಂದ ಅಲ್ಲಿಗೆ ಟ್ಯಾಕ್ಸಿ ಮಾಡಿ. ಅಮ್ಮ "ನನಗ್ಯಾಕೆ ಈ ವಯಸ್ಸಲ್ಲಿ" ಎಂದರೂ ಬಿಡಬೇಡಿ, ತೊಡಿಸಿ. ಕಡು ಬಣ್ಣದ ಚಿಮಾ, ತಿಳಿ ಬಣ್ಣದ ಜೊಗೊರಿ ಅವರ ವಯಸ್ಸಿಗೆ ಚೆನ್ನಾಗಿ ಒಪ್ಪುತ್ತದೆ. ಒಳಲಂಗ ಮಾತ್ರ ಒಂದೇ ಸಾಕು ಅಂತ ಅಂಗಡಿಯವರಿಗೆ ಹೇಳಿ. ಲಂಗ ಕಡಿಮೆ ಉಬ್ಬಿದರೆ ಅವರಿಗೆ ಪಾದ ಕಾಣುತ್ತದೆ, ಧೈರ್ಯವಾಗಿ ನಡೆಯುತ್ತಾರೆ.